ಕಾಟಾದ ಚೀಟಿ ಟ್ರೇಲರಿನ ಬೆಲೆಯಲ್ಲ

ಹಳೇ ಟ್ರ್ಯಾಕ್ಟರ್ ಟ್ರೇಲರಿನ ವ್ಯಾಪಾರ ನಡೆಯುವ ಕಡೆಯಲ್ಲೆಲ್ಲ, ಅದು ಹೆದ್ದಾರಿ ಪಕ್ಕದ ಯಾರ್ಡಾಗಲಿ, ಊರ ಹೊರಗಿನ ವೆಲ್ಡಿಂಗ್ ಶೆಡ್ಡಾಗಲಿ, ಎರಡು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ‘ಯಾವ ಮಾಡೆಲ್?’ ಎಂಬುದು ಮೊದಲನೆಯದು. ‘ಎಷ್ಟು ತೂಗುತ್ತೆ?’ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಬೆಲೆ ಕಟ್ಟುವ ಕೆಲಸ ಮುಗಿಯಿತು ಎಂದು ಕೊಳ್ಳುವವರೂ ನಂಬಿದ್ದಾರೆ, ಮಾರುವವರೂ ನಂಬಿದ್ದಾರೆ, ಸಾಲ ಕೊಟ್ಟವರೂ ನಂಬಿದ್ದಾರೆ. ಮಾಡೆಲ್ ಹೊಸದಿದ್ದರೆ ಒಂದಿಷ್ಟು ಜಾಸ್ತಿ, ಹಳೆಯದಾದರೆ ಗುಜರಿ ರೇಟು. ಟ್ರ್ಯಾಕ್ಟರಿನ ಜೊತೆ ಸೆಟ್ ವ್ಯಾಪಾರವಾದರೆ ಟ್ರೇಲರಿಗೆ ಬೇರೆ ಬೆಲೆಯೇ ಇಲ್ಲ, ಅದು ಬಾಲದಂತೆ ಹಿಂದೆ ಬರುತ್ತದೆ.

ಈ ನಂಬಿಕೆ ತಪ್ಪು. ಲೆಕ್ಕದಲ್ಲಿ ತಪ್ಪು, ನ್ಯಾಯದಲ್ಲಿ ತಪ್ಪು, ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ರಸ್ತೆಯ ಮೇಲೆ ಜೀವ ತೆಗೆಯುವಷ್ಟು ತಪ್ಪು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಮಂಡ್ಯದವರೆಗೆ ಸಾವಿರಾರು ಕುಟುಂಬಗಳ ಆಸ್ತಿಯಲ್ಲಿ ಹೊಲ, ಮನೆ, ಟ್ರ್ಯಾಕ್ಟರು ಬಿಟ್ಟರೆ ದೊಡ್ಡದೆನ್ನಬಹುದಾದದ್ದು ಈ ಟ್ರೇಲರು. ಅದನ್ನು ಕಬ್ಬಿಣದ ರಾಶಿ ಎಂದು ತೂಗಿ ಮುಗಿಸುವುದನ್ನು ನಾವು ಇಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇವೆ ಎನ್ನುವುದೇ ನನಗೆ ಸಹಿಸಲಾಗದ ಸಂಗತಿ.

ಯಾರ್ಡಿನಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ. ವಯಸ್ಸಾದ ರೈತರೊಬ್ಬರು ತಮ್ಮ ಟ್ರೇಲರಿನ ಪಕ್ಕ ನಿಂತಿದ್ದಾರೆ. ದಲ್ಲಾಳಿ ಹುಡುಗ ಒಂದು ಸುತ್ತು ಹಾಕಿ, ಟೈರಿಗೊಂದು ಒದೆ ಕೊಟ್ಟು ಬರುತ್ತಾನೆ. ‘ಕಾಕಾ, ಡಬ್ಬಿ ಅಂದ್ರ ಏನೈತ್ರಿ, ಕಬ್ಬಿಣ. ಕಾಟಾಕ್ಕ ಹಚ್ಚೂಣು. ಎಷ್ಟ್ ಬರ್ತೈತಿ ಅಷ್ಟ್ ರೊಕ್ಕಾ ಎಣಿಸಿ ಕೊಡ್ತೀನಿ.’ ರೈತರು ಮೆಲ್ಲಗೆ ಹೇಳುತ್ತಾರೆ: ‘ಇಲ್ಲೋ ತಮ್ಮಾ, ಹೋದ ವರ್ಷ ತಳಾ ಹೊಸಾದ ಹಾಕ್ಸೀನಿ.’ ಅದಕ್ಕೆ ಉತ್ತರ ಸಿದ್ಧವಾಗಿಯೇ ಇದೆ: ‘ತಳಾ ಹಾಕ್ಸಿದ್ರ ಅದೂ ತೂಕದಾಗ ಬರ್ತೈತಲ್ಲ ಕಾಕಾ.’ ಕಾಕಾ ಸುಮ್ಮನಾಗುತ್ತಾರೆ. ಆ ಉತ್ತರ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮೋಸ ಇರುವುದೆಲ್ಲ ಅದರಲ್ಲೇ.

ಆ ತಳದ ಲೆಕ್ಕವನ್ನೇ ನೋಡೋಣ. ಹತ್ತು ಅಡಿ ಉದ್ದ, ಆರು ಅಡಿ ಅಗಲದ ಟ್ರೇಲರಿಗೆ 3 ಎಂಎಂ ದಪ್ಪದ ತಗಡು ಹಾಕಿಸಿದರೆ ತಳದ ತೂಕ ಸುಮಾರು 130 ಕೆ.ಜಿ. ಗುಜರಿ ರೇಟು ಕೆ.ಜಿ.ಗೆ 30 ರೂಪಾಯಿ ಎಂದು ಹಿಡಿದರೆ ಅದಕ್ಕೆ ಸಿಗುವುದು 3,900 ರೂಪಾಯಿ. ಹೊಸ ಶೀಟು, ಕಟಿಂಗು, ವೆಲ್ಡಿಂಗು, ಅಡ್ಡಪಟ್ಟಿ, ಕೂಲಿ ಎಲ್ಲ ಸೇರಿ ಕಾಕಾ ಕೊಟ್ಟದ್ದು ಅದರ ಹಲವು ಪಟ್ಟು. ಈಗ ತಿರುಗಿಸಿ ನೋಡಿ. ಹೊಸ ತಳ ಹಾಕಿಸದೆ ಬಿಟ್ಟಿದ್ದರೆ, ತುಕ್ಕು ಆ ತಗಡಿನಲ್ಲಿ 1 ಎಂಎಂ ತಿಂದುಹಾಕಿದ್ದರೆ ತೂಕ ಇಳಿಯುತ್ತಿದ್ದುದು 44 ಕೆ.ಜಿ. ಮಾತ್ರ. ರೊಕ್ಕದಲ್ಲಿ 1,300 ರೂಪಾಯಿ. ಮೂರರಲ್ಲಿ ಒಂದು ಎಂಎಂ ಹೋದ ತಳಕ್ಕೆ ಕಲ್ಲು ಸುರಿದರೆ ಎಷ್ಟು ದಿನ ತಡೆದೀತು ಎಂದು ಯಾವ ವೆಲ್ಡರನ್ನಾದರೂ ಕೇಳಿ. ಮುಗಿದುಹೋದ ತಳಕ್ಕೂ ಗಟ್ಟಿ ತಳಕ್ಕೂ ಕಾಟಾ ತೋರಿಸುವ ಅಂತರ ಒಂದೂವರೆ ಸಾವಿರವೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಚಾಸಿ ಬಿರುಕು ಬಿಟ್ಟ ಟ್ರೇಲರಿಗೆ ವೆಲ್ಡರು ಏನು ಮಾಡುತ್ತಾನೆ? ಬಿರುಕಿನ ಮೇಲೆ ಪಟ್ಟಿ ಇಟ್ಟು ಬೆಸೆಯುತ್ತಾನೆ. ಅದೂ ತಡೆಯದಿದ್ದರೆ ಪಕ್ಕದಲ್ಲೊಂದು ಸಿ ಚಾನೆಲ್ ಸೇರಿಸುತ್ತಾನೆ. ಆ್ಯಕ್ಸಲ್ ಬಾಗಿದರೆ ಅದರ ಕೆಳಗೆ ಆಧಾರಕ್ಕೆ ಇನ್ನೊಂದು ಕಬ್ಬಿಣ. ಹೀಗೆ ಪ್ರತಿ ಗಾಯಕ್ಕೂ ತೂಕ ಏರುತ್ತದೆ. ಎಷ್ಟು ಸಲ ಮುರಿದಿದೆಯೋ ಅಷ್ಟು ಭಾರ, ಎಷ್ಟು ಭಾರವೋ ಅಷ್ಟು ಬೆಲೆ. ಒಮ್ಮೆಯೂ ಮುರಿಯದೆ, ಕಟ್ಟಿದಾಗ ಇದ್ದಂತೆಯೇ ಉಳಿದ ಟ್ರೇಲರು ಕಾಟಾದ ಮುಂದೆ ಹಗುರಾಗಿ ಸೋಲುತ್ತದೆ. ಮುರಿದದ್ದಕ್ಕೆ ಹೆಚ್ಚು, ಮುರಿಯದ್ದಕ್ಕೆ ಕಡಿಮೆ ಬೆಲೆ ಕಟ್ಟುವ ಮಾಪನವನ್ನು ಬೇರೆ ಯಾವ ಸರಕಿಗೆ ನಾವು ಒಪ್ಪುತ್ತೇವೆ?

ನಮ್ಮ ರೈತ ಎತ್ತು ಕೊಳ್ಳುವಾಗ ಹೀಗೆ ಮಾಡಿದವನಲ್ಲ. ಜಾತ್ರೆಯಲ್ಲಿ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸುತ್ತಾನೆ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸುತ್ತಾನೆ. ಎತ್ತು ಎಷ್ಟು ತೂಗುತ್ತದೆ ಎಂದು ಕೇಳುವವನು ಕಟುಕ ಮಾತ್ರ. ಎತ್ತಿನಲ್ಲಿ ಉಳಿದಿರುವ ದುಡಿಮೆಗೆ ಬೆಲೆ ಕಟ್ಟಬಲ್ಲ ಸಮಾಜಕ್ಕೆ ಟ್ರೇಲರಿನಲ್ಲಿ ಉಳಿದಿರುವ ದುಡಿಮೆಗೆ ಬೆಲೆ ಕಟ್ಟಲು ಬರುವುದಿಲ್ಲ ಎಂದರೆ ನಾನು ನಂಬಲಾರೆ. ಆ ಕಣ್ಣು ನಮಗಿದೆ. ಯಾರ್ಡಿಗೆ ಬಂದಾಗ ಮಾತ್ರ ಅದನ್ನು ಮುಚ್ಚಿಕೊಳ್ಳುತ್ತೇವೆ.

ಇನ್ನು ಮಾಡೆಲ್ಲಿನ ಮಾತು. ಆರ್‌ಸಿಯಲ್ಲಿ ಬರೆದ ವರ್ಷ ಟ್ರೇಲರಿನ ವಯಸ್ಸು ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಟ್ರ್ಯಾಕ್ಟರಿಗಾದರೆ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರು ಇರುತ್ತದೆ. ಟ್ರೇಲರಿಗೆ ಮೀಟರಿಲ್ಲ. ಹತ್ತು ವರ್ಷದಲ್ಲಿ ಅದು ಎಷ್ಟು ಟನ್ ಹೊತ್ತಿದೆ, ಏನನ್ನು ಹೊತ್ತಿದೆ ಎಂದು ಎಲ್ಲೂ ಬರೆದಿಲ್ಲ. ಆದರೆ ಟ್ರೇಲರನ್ನು ಕೊಲ್ಲುವುದು ವರ್ಷವಲ್ಲ, ಅದಕ್ಕೆ ಹೇರಿದ ಭಾರ.

ಹತ್ತು ಅಡಿ, ಆರು ಅಡಿ, ಎರಡು ಅಡಿ ಎತ್ತರದ ಪೆಟ್ಟಿಗೆಗೆ 120 ಘನ ಅಡಿ ಹಿಡಿಯುತ್ತದೆ. ಮರಳಿನವರ ಭಾಷೆಯಲ್ಲಿ ಒಂದು ಬ್ರಾಸು ದಾಟಿ ಇನ್ನಷ್ಟು. ಅದರಲ್ಲಿ ಒಣಗಿದ ತಿಪ್ಪೆಗೊಬ್ಬರ ತುಂಬಿದರೆ ಭಾರ ಸುಮಾರು ಎರಡು ಟನ್. ಅದೇ ಪೆಟ್ಟಿಗೆಗೆ ಒದ್ದೆ ಮರಳನ್ನು ಅಂಚಿನವರೆಗೆ ತುಂಬಿದರೆ ಆರೂವರೆ ಟನ್. ನೋಡಲು ಎರಡೂ ಒಂದೇ ಟ್ರಿಪ್ಪು, ಎರಡೂ ‘ಫುಲ್ ಲೋಡು’. ಒಂದೇ ವರ್ಷ, ಒಂದೇ ಶೆಡ್ಡಿನಲ್ಲಿ ಕಟ್ಟಿದ ಎರಡು ಟ್ರೇಲರುಗಳಲ್ಲಿ ಒಂದು ಗೊಬ್ಬರ, ಜೋಳ, ಮೇವು ಹೊತ್ತು ಸ್ವಂತ ಹೊಲದಲ್ಲೇ ಉಳಿಯಿತು, ಇನ್ನೊಂದು ಹಳ್ಳದಿಂದ ಮರಳು ಹೊತ್ತಿತು. ಆರ್‌ಸಿಯ ಪ್ರಕಾರ ಎರಡೂ ಅವಳಿಗಳು.

ಬೆಸುಗೆ ಹಾಕಿದ ಉಕ್ಕು ಭಾರಕ್ಕೆ ಹೇಗೆ ದಣಿಯುತ್ತದೆ ಎಂಬುದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಉಕ್ಕಿನ ಕಟ್ಟಡಗಳಿಗಾಗಿ ನಮ್ಮಲ್ಲಿರುವ ಭಾರತೀಯ ಮಾನಕ ಐಎಸ್ 800 ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮತ್ತೆ ಮತ್ತೆ ಬೀಳುವ ಒತ್ತಡ ಎರಡು ಪಟ್ಟಾದರೆ ಬೆಸುಗೆಯ ಆಯುಸ್ಸು ಅರ್ಧವಾಗುವುದಿಲ್ಲ, ಸರಿಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ತಾಳಬಲ್ಲ ಭಾರದ ಇಮ್ಮಡಿ ಹೇರಿ ಒಂದು ಹಂಗಾಮು ಓಡಿಸಿದ ಟ್ರೇಲರಿನ ಬೆಸುಗೆ, ಸರಿಯಾದ ಭಾರದಲ್ಲಿ ಎಂಟು ಹಂಗಾಮು ಓಡಿದ ಟ್ರೇಲರಿನ ಬೆಸುಗೆಯಷ್ಟು ಸವೆದಿರುತ್ತದೆ. ಈ ಒಂದು ಸಂಗತಿ ಗೊತ್ತಿದ್ದವರು ‘ಮೂರು ವರ್ಷದ ಮಾಡೆಲ್, ಹೊಸದಿದ್ದಂಗೇ ಇದೆ’ ಎಂಬ ಮಾತಿಗೆ ಹೇಗೆ ತಲೆಯಾಡಿಸಿಯಾರು?

ಮಾಡೆಲ್ ನೋಡುವವರಿಗೆ ಆಸರೆಯಾಗಿ ನಿಂತಿರುವುದು ಸವಕಳಿಯ ಲೆಕ್ಕ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಕ್ಕೆ ವರ್ಷಕ್ಕೆ ಶೇ 15ರಂತೆ, ಉಳಿದ ಮೌಲ್ಯದ ಮೇಲೆ ಸವಕಳಿ ಕಳೆಯುತ್ತಾರೆ. ತೆರಿಗೆಗೆ ಅದು ಸರಿ. ಬೆಲೆ ಕಟ್ಟಲು ಅದನ್ನೇ ತಂದಾಗ ಏನಾಗುತ್ತದೆ ನೋಡಿ. ಕಾಕಾ ತಮ್ಮ ಟ್ರೇಲರನ್ನು ಹನ್ನೆರಡು ವರ್ಷದ ಹಿಂದೆ 1,20,000 ರೂಪಾಯಿಗೆ ಕಟ್ಟಿಸಿದ್ದರು ಎಂದುಕೊಳ್ಳೋಣ. ಈ ಲೆಕ್ಕದಲ್ಲಿ ಅದಕ್ಕೀಗ ಉಳಿಯುವುದು 17,000 ರೂಪಾಯಿ. ಅದರ ತೂಕ 1,400 ಕೆ.ಜಿ. ಇದ್ದರೆ, 30 ರೂಪಾಯಿಯ ಗುಜರಿ ರೇಟಿನಲ್ಲಿ 42,000 ರೂಪಾಯಿ. ಜನ ನಂಬಿರುವ ಎರಡು ಮಾಪನಗಳೇ ಒಂದಕ್ಕೊಂದು ಹೊಂದುತ್ತಿಲ್ಲ. ಕೆಲಸ ಮಾಡುತ್ತಿರುವ ಟ್ರೇಲರು ಒಡೆದು ಹಾಕಿದ ಕಬ್ಬಿಣಕ್ಕಿಂತ ಅಗ್ಗ ಎಂದು ಹೇಳುವ ಲೆಕ್ಕವನ್ನು ಲೆಕ್ಕ ಎಂದು ಕರೆಯುವುದು ಹೇಗೆ? ಹನ್ನೆರಡು ವರ್ಷದ ಹಿಂದೆ ಕೊಟ್ಟ ದುಡ್ಡು ಇವತ್ತಿನ ಕೊಳ್ಳುವವನಿಗೆ ಸಂಬಂಧವೇ ಇಲ್ಲದ ಸಂಖ್ಯೆ. ಅವನ ಮುಂದಿರುವ ಆಯ್ಕೆ ಇವತ್ತಿನ ರೇಟಿಗೆ ಹೊಸದನ್ನು ಕಟ್ಟಿಸುವುದು, ಇಲ್ಲವೇ ಇದನ್ನು ಕೊಳ್ಳುವುದು.

ವಾಹನ ವಿಮೆಯವರ ಕೋಷ್ಟಕ ಈ ವಿಷಯದಲ್ಲಿ ನಮ್ಮ ಯಾರ್ಡುಗಳಿಗಿಂತ ಪ್ರಾಮಾಣಿಕವಾಗಿದೆ. ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡಕ್ಕೆ 20, ಹೀಗೆ ಏರುತ್ತ ಐದು ವರ್ಷಕ್ಕೆ ಶೇ 50ಕ್ಕೆ ಬಂದು ಆ ಕೋಷ್ಟಕ ನಿಂತುಬಿಡುತ್ತದೆ. ಐದು ವರ್ಷ ದಾಟಿದ ವಾಹನದ ಬೆಲೆಯನ್ನು ವಿಮಾ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಳ್ಳಬೇಕು. ವರ್ಷದ ಆಧಾರದ ಮೇಲೆ ಬೆಲೆ ಹೇಳುವುದು ಅಲ್ಲಿಂದ ಮುಂದೆ ಸಾಧ್ಯವಿಲ್ಲ ಎಂದು ಕೋಷ್ಟಕ ಮಾಡಿದವರೇ ಒಪ್ಪಿಕೊಂಡ ಹಾಗಾಯಿತು. ಮಾರಾಟಕ್ಕೆ ಬರುವ ಟ್ರೇಲರುಗಳಲ್ಲಿ ಐದು ವರ್ಷ ದಾಟಿದವು ಎಷ್ಟೊಂದು ಇರುತ್ತವೆ ಎಂಬುದನ್ನು ನೆನೆದರೆ, ‘ಮಾಡೆಲ್’ ಎಂಬ ಪ್ರಶ್ನೆಗೆ ಉಳಿಯುವ ತೂಕ ತುಂಬ ಕಡಿಮೆ.

ನನ್ನ ಮಾತಿಗೆ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ತಳ್ಳಿಹಾಕಲಾರೆ. ಟ್ರ್ಯಾಕ್ಟರುಗಳಿಗೆ ಕಂಪನಿ ಇದೆ, ಮಾದರಿ ಇದೆ. ಟ್ರೇಲರುಗಳಲ್ಲಿ ಬಹಳಷ್ಟು ತಾಲೂಕು ಊರಿನ ಶೆಡ್ಡುಗಳಲ್ಲಿ ಕೈಯಿಂದ ಕಟ್ಟಿದವು. ಒಂದರಂತೆ ಇನ್ನೊಂದಿಲ್ಲ. ಹೋಲಿಸಿ ನೋಡಲು ಸಮಾನವಾಗಿರುವುದು ತೂಕ ಒಂದೇ, ಅದಕ್ಕೇ ತೂಗುತ್ತೇವೆ ಎನ್ನುತ್ತಾರೆ ವ್ಯಾಪಾರದವರು. ಆಕ್ಷೇಪದ ಮೊದಲರ್ಧ ನಿಜ. ಆದರೆ ಅದರಿಂದ ಹೊರಡುವ ತೀರ್ಮಾನ ಉಲ್ಟಾ ಆಗಬೇಕಿತ್ತು. ಒಂದರಂತೆ ಇನ್ನೊಂದಿಲ್ಲ ಎನ್ನುವ ಕಾರಣಕ್ಕೇ ಒಂದೊಂದನ್ನೂ ಬಗ್ಗಿ ನೋಡಬೇಕು. ಒಬ್ಬ ಚಾಸಿಗೆ 125ರ ಸಿ ಚಾನೆಲ್ ಹಾಕಿ ಬದಿಗೆ ತೆಳು ತಗಡು ಹೊಡೆದಿರುತ್ತಾನೆ, ಇನ್ನೊಬ್ಬ 100ರ ಚಾನೆಲ್ ಹಾಕಿ ಬದಿಗೆ ದಪ್ಪ ತಗಡು ಹೊಡೆದು ಭಾರ ತೋರಿಸಿರುತ್ತಾನೆ. ಕಾಟಾದಲ್ಲಿ ಎರಡೂ ಒಂದೇ. ಕಬ್ಬು ಹೇರಿ ಹಳ್ಳದ ಏರು ಹತ್ತಿಸುವಾಗ ಒಂದೇ ಅಲ್ಲ. ಇನ್ನು ಸಮಾನ ಅಳತೆ ಬೇಕೇ ಬೇಕೆಂದರೆ ಅದೂ ಕೈಗೆಟಕುವ ದೂರದಲ್ಲಿದೆ. ಅದೇ ಶೆಡ್ಡಿಗೆ ಹೋಗಿ, ಇದೇ ಅಳತೆಯದನ್ನು, ಇದೇ ಚಾನೆಲ್, ಇದೇ ಆ್ಯಕ್ಸಲ್ ಹಾಕಿ ಇವತ್ತು ಕಟ್ಟಿಕೊಡಲು ಎಷ್ಟಾಗುತ್ತದೆ ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಬೆಲೆ ಕಟ್ಟುವುದು ಅಲ್ಲಿಂದ ಶುರುವಾಗಬೇಕು.

ಅಲ್ಲಿಂದ ಮುಂದಿನ ಕೆಲಸ ನೆಲದ ಮೇಲೆ, ಟ್ರೇಲರಿನ ಕೆಳಗೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನೋಡಬಹುದಾದದ್ದನ್ನು ನೋಡದೆ ಇರುವುದೇ ಈ ವ್ಯಾಪಾರದ ದೊಡ್ಡ ರೋಗ.

ಮೊದಲು ಒಂದು ಹಗ್ಗ ತೆಗೆದುಕೊಳ್ಳಿ. ಮುಂದಿನ ಹಿಚ್ ಪಿನ್ನಿನ ತೂತಿಗೆ ಅದರ ಒಂದು ತುದಿ ಕಟ್ಟಿ, ಹಿಂದಿನ ಆ್ಯಕ್ಸಲಿನ ಎಡತುದಿಗೆ ಬಿಗಿಯಾಗಿ ಎಳೆದು ಗಂಟು ಹಾಕಿ ಗುರುತು ಮಾಡಿ. ಅದೇ ಹಗ್ಗವನ್ನು ಬಲತುದಿಗೆ ಎಳೆಯಿರಿ. ಗಂಟು ಎರಡೂ ಕಡೆ ಒಂದೇ ಜಾಗಕ್ಕೆ ಬಂದರೆ ಆ್ಯಕ್ಸಲ್ ನೆಟ್ಟಗೆ ಕೂತಿದೆ, ಚಾಸಿ ಸೊಟ್ಟಗಾಗಿಲ್ಲ. ನಾಲ್ಕು ಬೆರಳು ಹೆಚ್ಚುಕಮ್ಮಿ ಬಂದರೆ ಎಲ್ಲೋ ಹಳ್ಳಕ್ಕೆ ಬಿದ್ದದ್ದೋ, ಕಟ್ಟೆಗೆ ಗುದ್ದಿದ್ದೋ ಇದೆ. ಹಾಗೆ ಸೊಟ್ಟಗಿರುವುದು ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಓರೆಯಾಗಿ ಎಳೆದುಕೊಂಡು ಹೋಗುತ್ತದೆ, ಟೈರು ಒಂದೇ ಬದಿಗೆ ಸವೆಯುತ್ತದೆ. ಟೈರಿನ ಸವೆತವೇ ಈ ಕಥೆಯನ್ನು ಮೊದಲು ಹೇಳಿರುತ್ತದೆ, ಓದುವವರು ಬೇಕು.

ಆಮೇಲೆ ಜಾಕ್ ಹಚ್ಚಿ ಗಾಲಿಯನ್ನು ನೆಲದಿಂದ ಎತ್ತಬೇಕು. ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದಾಗ ಗಡಗಡ ಎಂದರೆ ಹಬ್ಬಿನ ಬೇರಿಂಗು ಸಡಿಲ. ಗಾಲಿ ತಿರುಗಿಸಿ ಬಿಟ್ಟಾಗ ಮರಳು ಅರೆಯುವ ಸದ್ದು ಬಂದರೆ ಬೇರಿಂಗು ತಿಂದುಹೋಗಿದೆ. ಟ್ರ್ಯಾಕ್ಟರಿಗೆ ಕಟ್ಟಿ ಐದು ಕಿ.ಮೀ. ಓಡಿಸಿ ನಿಲ್ಲಿಸಿ ಪ್ರತಿ ಹಬ್ಬಿನ ಬಳಿ ಕೈ ಹಿಡಿಯಿರಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಖರ್ಚು ಕಾದಿದೆ. ನಾಲ್ಕು ಗಾಲಿಯ ಟ್ರೇಲರಾದರೆ ಮುಂದಿನ ಟರ್ನ್ ಟೇಬಲ್ಲಿಗೆ ಎಷ್ಟು ಆಟ ಬಂದಿದೆ ನೋಡಬೇಕು, ಅದು ಸಡಿಲವಾದ ಟ್ರೇಲರು ಭಾರ ಹೇರಿದ ಮೇಲೆ ರಸ್ತೆಯಲ್ಲಿ ಹಾವಿನಂತೆ ಹೊರಳುತ್ತದೆ. ಎರಡು ಗಾಲಿಯದಾದರೆ ಡ್ರಾಬಾರಿನ ಬುಡ ನೋಡಬೇಕು. ಟ್ರೇಲರಿನ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಮೇಲೆ ಕೂರುವುದರಿಂದ ಮೊದಲು ದಣಿಯುವ ಜಾಗ ಅದು.

ಬಿರುಕು ಹುಡುಕಲು ದೊಡ್ಡ ವಿದ್ಯೆ ಬೇಡ, ಬೆಳಕು ಬೇಕು. ಕಮಾನು ಪಟ್ಟಿ ಚಾಸಿಗೆ ಕೂರುವ ಬ್ರಾಕೆಟ್ಟಿನ ಸುತ್ತ, ಡ್ರಾಬಾರು ಚಾಸಿಗೆ ಸೇರುವ ಕಡೆ, ಅಡ್ಡಪಟ್ಟಿಗಳ ಬೆಸುಗೆಯ ಕೊನೆಗಳಲ್ಲಿ ಬ್ಯಾಟರಿ ಹಿಡಿದು ನೋಡಿದರೆ ಕೂದಲೆಳೆಯಂಥ ಗೆರೆಯಿಂದ ಕೆಂಪು ತುಕ್ಕು ಇಳಿದ ಗುರುತು ಕಾಣುತ್ತದೆ. ಹೊಸ ಪೇಂಟಿನ ಕೆಳಗೂ ಅದು ಕೆಲವು ವಾರಗಳಲ್ಲಿ ಮತ್ತೆ ಇಣುಕುತ್ತದೆ. ಮಾರುವ ಹಿಂದಿನ ದಿನ ಪೇಂಟು ಹೊಡೆಸಿ ನಿಲ್ಲಿಸಿದ ಟ್ರೇಲರಿಗೆ ಹೆಚ್ಚು ದುಡ್ಡು ಕೊಡುವ ಪದ್ಧತಿ ಇದೇ ಕಾರಣಕ್ಕೆ ಅಪಾಯಕಾರಿ. ತಳವನ್ನು ಮೇಲಿನಿಂದ ನೋಡಿ ಬಿಡಬಾರದು, ಕೆಳಗೆ ನುಗ್ಗಿ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ತಗಡು ಟಣ್ಣೆನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಬಡಿಯುತ್ತದೆ. ಗೊಬ್ಬರ, ಯೂರಿಯಾ ಹೊತ್ತ ಟ್ರೇಲರನ್ನು ತೊಳೆಯದೆ ಬಿಟ್ಟಿದ್ದರೆ ಮೂಲೆಗಳಲ್ಲಿ ಈ ಮಂಕು ಸದ್ದು ಗ್ಯಾರಂಟಿ. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ರೀಸೋಲ್ ಮಾಡಿಸಿದ್ದರೆ ಮೇಲಿನ ಗುಂಡಿ ಎಷ್ಟೇ ಆಳವಿರಲಿ, ಕೆಳಗಿನ ಟೈರಿನ ವಯಸ್ಸು ಆ ಅಂಕಿಯದ್ದೇ.

ಈಗ ಲೆಕ್ಕಕ್ಕೆ ಬರೋಣ. ಸಂಖ್ಯೆಗಳು ದಾರಿ ತೋರಿಸಲು ಹಿಡಿದವು, ನಿಮ್ಮೂರಿನ ಶೆಡ್ಡಿನ ರೇಟು ಹಾಕಿಕೊಳ್ಳಿ. ಇದೇ ಅಳತೆಯ ಹೊಸ ಟ್ರೇಲರು ರಸ್ತೆಗಿಳಿಯಲು ಇವತ್ತು ಎರಡು ಲಕ್ಷ ಎಂದಿಟ್ಟುಕೊಳ್ಳೋಣ. ಅದರಲ್ಲಿ ಚಾಸಿ, ಆ್ಯಕ್ಸಲಿನ ಪಾಲು ಒಂದು ಲಕ್ಷ, ಪೆಟ್ಟಿಗೆಯದು 50,000, ಟೈರಿನದು 40,000, ಉಳಿದ 10,000 ಕಾಗದ ಪತ್ರ, ಪೇಂಟು. ಹಗ್ಗದ ಪರೀಕ್ಷೆಯಲ್ಲಿ ಗೆದ್ದ, ಬಿರುಕಿಲ್ಲದ ಚಾಸಿಯ ದುಡಿಮೆಯಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿದೆ ಎಂದರೆ 66,000. ಹೋದ ವರ್ಷ ತಳ ಹಾಕಿಸಿದ ಪೆಟ್ಟಿಗೆಗೆ ಅರ್ಧ, ಅಂದರೆ 25,000. ಟೈರು ಮೂರರಲ್ಲೊಂದು ಉಳಿದಿದ್ದರೆ 13,000. ಒಟ್ಟು 1,04,000. ಬೇರಿಂಗು, ಪಿನ್ನು, ಬುಷ್ಷು, ಹಿಂದಿನ ದೀಪ, ರೇಡಿಯಂ, ಹೆಸರು ವರ್ಗಾವಣೆ ಇದಕ್ಕೆಲ್ಲ 12,000 ಕಳೆಯಿರಿ. 92,000 ಉಳಿಯಿತು. ಕಾಕಾನ ಹನ್ನೆರಡು ವರ್ಷದ ಟ್ರೇಲರಿಗೆ ಸವಕಳಿಯ ಲೆಕ್ಕ 17,000 ಎಂದಿತ್ತು, ಕಾಟಾ 42,000 ಎಂದಿತ್ತು. ಅದೇ ಅಳತೆಯ, ನಾಲ್ಕೇ ವರ್ಷದ, ಮರಳು ಹೊತ್ತು ಚಾಸಿ ಎರಡು ಕಡೆ ಬಿರಿದ ಟ್ರೇಲರನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಚಾಸಿಯ ಪಾಲೇ ಹೊರಟುಹೋಗಿ ಅದು ಗುಜರಿ ರೇಟಿನ ಸಮೀಪಕ್ಕೆ ಬರುತ್ತದೆ. ಗುಜರಿ ರೇಟಿಗೆ ನ್ಯಾಯವಾದ ಜಾಗ ಅದೊಂದೇ: ಇದಕ್ಕಿಂತ ಕೆಳಗೆ ಯಾವ ಟ್ರೇಲರೂ ಇಳಿಯಬಾರದು ಎಂದು ಹೇಳುವ ತಳಗೆರೆ.

ಕಾಗದ ಪತ್ರದ ಬಗ್ಗೆ ಯಾರ್ಡಿನಲ್ಲಿ ಕೇಳುವುದು ಕಡಿಮೆ. ಮೋಟಾರು ವಾಹನ ಕಾಯ್ದೆ 1988ರ ವ್ಯಾಖ್ಯೆಯಲ್ಲಿ ಟ್ರೇಲರು ಕೂಡ ಮೋಟಾರು ವಾಹನವೇ. ಟ್ರ್ಯಾಕ್ಟರಿಗೆ ಒಂದು ನಂಬರಾದರೆ ಟ್ರೇಲರಿಗೆ ಇನ್ನೊಂದು ನಂಬರು, ಅದಕ್ಕೆ ಅದರದೇ ಆರ್‌ಸಿ, ಅದಕ್ಕೂ ವಿಮೆ. ಕೃಷಿಗೆಂದು ನೋಂದಾಯಿಸಿದ ಟ್ರೇಲರಿನ ನೋಂದಣಿ 15 ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಬಾಡಿಗೆಗೆ ಇಟ್ಟಿಗೆ, ಜಲ್ಲಿ ಹೊಡೆಯಬೇಕೆಂದರೆ ನೋಂದಣಿಯ ಬಗೆಯೇ ಬೇರೆ, ಎಫ್‌ಸಿ ಬೇಕು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲದಲ್ಲಿ ಕೊಂಡಿದ್ದರೆ ಆರ್‌ಸಿಯಲ್ಲಿರುವ ಸಾಲದ ನಮೂದನ್ನು (ಎಚ್‌ಪಿ) ತೆಗೆಸಬೇಕು. ಇದೆಲ್ಲ ಮುಗಿದ ಟ್ರೇಲರಿಗೂ, ಆರ್‌ಸಿಯೇ ಕಾಣದ ಟ್ರೇಲರಿಗೂ ಕಾಟಾ ಒಂದೇ ಚೀಟಿ ಹರಿದುಕೊಡುತ್ತದೆ.

‘ಹೊಲದಾಗ ಓಡ್ಸೋದಕ್ಕ ಕಾಗದ ಯಾಕ ಬೇಕ್ರಿ’ ಎನ್ನುವವರಿಗೆ ನೆನಪಿಸಬೇಕಾದದ್ದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ವಾಹನ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟು ಹೇಳಿತು. ಹೆಸರು ವರ್ಗಾಯಿಸದೆ ಕಬ್ಬಿಣದ ರೇಟಿಗೆ ಟ್ರೇಲರು ಕೊಟ್ಟು ಮನೆಗೆ ಹೋದ ರೈತ, ವರ್ಷಗಳ ನಂತರ ಮತ್ತಾರದೋ ಕೈಯಲ್ಲಿ ನಡೆದ ಸಾವಿಗೆ ಹೊಲ ಮಾರಿ ಪರಿಹಾರ ಕಟ್ಟಬೇಕಾಗಬಹುದು. ಟ್ರ್ಯಾಕ್ಟರಿಗೆ ವಿಮೆ ಇತ್ತು, ಟ್ರೇಲರಿಗೆ ಇರಲಿಲ್ಲ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಇಂಥ ಹೊಣೆ ಬೆನ್ನಿಗೆ ಬಾರದಂತೆ ಕಾಯುವ ಕಾಗದಕ್ಕೆ ವ್ಯಾಪಾರದಲ್ಲಿ ಸೊನ್ನೆ ಬೆಲೆ ಕಟ್ಟುವುದು ಅನ್ಯಾಯ.

ಈ ಪದ್ಧತಿಯಿಂದ ಲಾಭ ಯಾರಿಗೆ ಎಂದು ಕೇಳಲೇಬೇಕು. ಕಬ್ಬು ಕಳಿಸಿದ 14 ದಿನದೊಳಗೆ ರೈತನಿಗೆ ಹಣ ಬರಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಾಕಿ ತಿಂಗಳುಗಟ್ಟಲೆ ನಿಂತಾಗ, ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಎದುರಾದಾಗ ರೈತ ಮೊದಲು ಮಾರುವುದು ಇಂಥದ್ದನ್ನೇ. ಅದೂ ಹಂಗಾಮು ಮುಗಿದು ಟ್ರೇಲರಿಗೆ ಗಿರಾಕಿ ಇಲ್ಲದ ಯುಗಾದಿಯ ಆಸುಪಾಸಿನಲ್ಲಿ. ಗುಜರಿ ರೇಟಿಗೆ ಹಿಡಿದ ಅದೇ ಟ್ರೇಲರು ಕಾರ್ಖಾನೆಗಳ ಹೊಗೆ ಏಳುವ ಮೊದಲು, ಪೇಂಟು ಹೊಡೆಸಿಕೊಂಡು, ‘ಒಳ್ಳೇ ಕಂಡೀಷನ್’ ಎಂಬ ಮಾತಿನೊಂದಿಗೆ ಇನ್ನೊಬ್ಬ ರೈತನಿಗೆ ಹೋಗುತ್ತದೆ. ಕೊಳ್ಳುವಾಗ ಕಬ್ಬಿಣ, ಮಾರುವಾಗ ಟ್ರೇಲರು. ಸಾಲ ಕಟ್ಟದೆ ಜಪ್ತಿಯಾದ ಟ್ರ್ಯಾಕ್ಟರುಗಳ ಹರಾಜಿನಲ್ಲಿಯೂ ಇದೇ ಕಥೆ: ಸೆಟ್ಟಿಗೆ ಒಂದೇ ಬೆಲೆ ಬರೆದು ಟ್ರೇಲರನ್ನು ಅದರೊಳಗೆ ಮುಳುಗಿಸುತ್ತಾರೆ. ಟ್ರೇಲರಿಗೆ ಬಾರದ ಪ್ರತಿ ರೂಪಾಯಿ ಸಾಲಗಾರನ ಹೆಸರಿನಲ್ಲಿ ಬಾಕಿಯಾಗಿ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ಇದು ದುಡ್ಡಿನ ಜಗಳ ಎಂದು ಬಿಡಬಹುದಿತ್ತು. ಆದರೆ ಮಾರುಕಟ್ಟೆ ಯಾವುದಕ್ಕೆ ಬೆಲೆ ಕೊಡುವುದಿಲ್ಲವೋ ಅದನ್ನು ಯಾರೂ ಹಾಕಿಸುವುದಿಲ್ಲ. ಬ್ರೇಕು ಇರುವ ಟ್ರೇಲರಿಗೂ ಇಲ್ಲದ್ದಕ್ಕೂ ಒಂದೇ ರೇಟಾದರೆ ಬ್ರೇಕಿಗೆ ಯಾರು ಖರ್ಚು ಮಾಡುತ್ತಾರೆ? 50 ಎಚ್‌ಪಿ ಟ್ರ್ಯಾಕ್ಟರು ತಾನು ತೂಗುವುದೇ ಎರಡು ಟನ್ನಿನ ಆಸುಪಾಸು. ಅದರ ಹಿಂದೆ ಏಳೆಂಟು ಟನ್ ಕಬ್ಬು ಹೇರಿ, ಕೆಲವೊಮ್ಮೆ ಎರಡು ಡಬ್ಬಿ ಕಟ್ಟಿ, ಇಳಿಜಾರಿನಲ್ಲಿ ಅಷ್ಟನ್ನೂ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಯ ಬ್ರೇಕಿನಿಂದಲೇ ತಡೆಯಲು ಬಿಡುತ್ತೇವೆ. ನೂರಿನ್ನೂರು ರೂಪಾಯಿಯ ರೇಡಿಯಂ ಪಟ್ಟಿ ಇಲ್ಲದೆ, ಹಿಂದಿನ ದೀಪವಿಲ್ಲದೆ, ಅಗಲ ಮೀರಿ ಕಬ್ಬು ಚಾಚಿಕೊಂಡ ಟ್ರೇಲರು ಡಿಸೆಂಬರಿನ ಮಂಜಿನಲ್ಲಿ ಹಬ್ಬು ಮುರಿದು ರಸ್ತೆಯ ಮಧ್ಯೆ ನಿಂತಾಗ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ಕತ್ತಲೆ ಮಾತ್ರ. ಮುರಿದ ಹಬ್ಬು ಆರು ತಿಂಗಳ ಹಿಂದೆ ಯಾರ್ಡಿನಲ್ಲಿ ಸದ್ದು ಮಾಡಿರುತ್ತದೆ. ಜಾಕ್ ಹಚ್ಚಿ ಕೇಳುವವರು ಇರಲಿಲ್ಲ, ಕೇಳಿದ್ದರೂ ಬೆಲೆಯಲ್ಲಿ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ.

ಮಾರುವ ರೈತರಿಗೆ ನನ್ನ ಮನವಿ: ಟ್ರೇಲರನ್ನು ಕಾಟಾಕ್ಕೆ ಒಯ್ಯುವ ಮೊದಲು ಕಟ್ಟಿದ ಶೆಡ್ಡಿಗೆ ಒಯ್ಯಿರಿ. ಹೊಸದಕ್ಕೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ, ತಳ ಹಾಕಿಸಿದ, ಬೇರಿಂಗು ಬದಲಿಸಿದ ಬಿಲ್ಲುಗಳನ್ನು ಆರ್‌ಸಿಯ ಜೊತೆಗೇ ಇಟ್ಟುಕೊಳ್ಳಿ, ಸೆಟ್ ವ್ಯಾಪಾರದಲ್ಲಿ ಟ್ರೇಲರಿನ ಬೆಲೆಯನ್ನು ಬೇರೆಯಾಗಿ ಬರೆಯದ ಚೀಟಿಗೆ ಸಹಿ ಹಾಕಬೇಡಿ. ಸಾಲ ಕೊಡುವ ಬ್ಯಾಂಕು, ಸಹಕಾರ ಸಂಘಗಳು ಜಪ್ತಿ ಮಾಡಿದ ಟ್ರೇಲರಿನ ಹರಾಜಿಗೆ ಮುನ್ನ ಚಾಸಿ, ಆ್ಯಕ್ಸಲ್, ಹಬ್ಬು, ಟೈರು, ಕಾಗದದ ಸ್ಥಿತಿಯನ್ನು ಒಬ್ಬ ಮೆಕ್ಯಾನಿಕ್ಕಿನಿಂದ ಬರೆಸಿ ಹರಾಜು ಪಟ್ಟಿಗೆ ಲಗತ್ತಿಸಲಿ. ಸಕ್ಕರೆ ಕಾರ್ಖಾನೆಗಳು ಸಾಗಣೆದಾರರ ಜೊತೆ ಕರಾರು ಮಾಡಿಕೊಂಡು ಮುಂಗಡ ಕೊಡುವ ಹೊತ್ತಿಗೇ ಅದೇ ಪಟ್ಟಿಯನ್ನು ಕೇಳಲಿ, ಬ್ರೇಕು, ದೀಪ, ರೇಡಿಯಂ, ವಿಮೆ ಇರುವ ಟ್ರೇಲರಿಗೆ ಟನ್ನಿನ ಬಾಡಿಗೆಯಲ್ಲಿ ಒಂದಿಷ್ಟು ಹೆಚ್ಚು ಕೊಡಲಿ. ಗೇಟಿನೊಳಗೆ ಬರುವ ಪ್ರತಿ ಟ್ರೇಲರನ್ನೂ ಕಾರ್ಖಾನೆಯವರು ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ಹೇಗೂ ಕಾಟಾದ ಮೇಲೆ ನಿಲ್ಲಿಸುತ್ತಾರೆ. ಖಾಲಿಯಾಗಿ ನಿಂತ ಆ ಎರಡು ನಿಮಿಷದಲ್ಲಿ ಒಬ್ಬ ಕೆಳಗೆ ಬಗ್ಗಿ ಹಬ್ಬುಗಳ ಬಳಿ ಕೈ ಹಿಡಿದು ನೋಡಲು ಏನು ಅಡ್ಡಿ?